ಉತ್ತಂಗಿ ಚನ್ನಪ್ಪನವರ ಕೃತಿಗಳಲ್ಲಿ ಅಪೂರ್ಣ ನಂಬಿಕೆಯ ಸ್ವರೂಪ

ಎಂ. ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಬಳಸಿ ಹರಿಯುವ ಮಲಪ್ರಭೆಯೇ ಮುಂದೆ ಸವದತ್ತಿಯ ಸಮೀಪ, ನವಿಲುತೀರ್ಥದ ಗುಡ್ಡಗಳ ಇಕ್ಕಟ್ಟನ್ನು ಹೊಗುತ್ತದೆ. ಈಗ ಅಲ್ಲಿ ಅಣೆಕಟ್ಟಿದೆ. ಅದರ ಹಿಂದೆ ರೇಣುಕಾಸಾಗರ ನಿಂತಿದೆ. ಕಲ್ಯಾಣವನ್ನು ಬಿಟ್ಟು ಉಳವಿಯ ಕಡೆಗೆ ನಡೆದ ಶರಣರು ಈ ಸೀಮೆಯನ್ನು ಹಾಯ್ದು ಹೋದರೆಂಬುದು ಐತಿಹ್ಯ. ಏಳು ನೂರು ವರ್ಷಗಳ ತರುವಾಯ ಇದೇ ಸೀಮೆಯ ಎರಡು ಮಗ್ಗುಲಲ್ಲಿ ಕ್ರೈಸ್ತಧರ್ಮ ನೆಲೆಯೂರಿತು: ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಷನ್, ಧಾರವಾಡದಲ್ಲಿ 1837ರಿಂದ ಬಾಸೆಲ್ ಮಿಷನ್. ತನ್ನ ದೋಷವನ್ನು ತಾನೇ ಎತ್ತಿ ದೇವರ ಮುಂದಿಡುವ ಮಾತು ಈ ನಾಡಿಗೆ ಮಿಷನ್ನಿನೊಡನೆ ಬಂದುದಲ್ಲ. ಅದು ಮೊದಲೇ ಇಲ್ಲಿದ್ದಿತು. ಇದನ್ನು ನೆನಪಿನಲ್ಲಿಡದೆ ಕನ್ನಡ ಕ್ರೈಸ್ತ ಸಾಹಿತ್ಯವನ್ನು ಅಳೆಯಲು ಹೊರಟವರು ಅದರ ಮುಖ್ಯ ಕೊರತೆಯನ್ನಾಗಲಿ, ಆ ಕೊರತೆ ತುಂಬಿದ ಬಗೆಯನ್ನಾಗಲಿ ಕಾಣಲಾರರು.

ಆ ಕೊರತೆ ಯಾವುದು? ಮಾರ್ಕನ ಸುವಾರ್ತೆಯಲ್ಲಿ, ಮಗನ ಬೇನೆಯನ್ನು ಕಳೆಯಬೇಕೆಂದು ಯೇಸುವಿನ ಬಳಿಗೆ ಬಂದ ತಂದೆಯೊಬ್ಬನು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾನೆ. ಯೇಸು ಅವನನ್ನು ತಳ್ಳಿಬಿಡುವುದಿಲ್ಲ. ಕ್ರೈಸ್ತ ಭಕ್ತಿಯ ಅತ್ಯಂತ ಮಾನುಷವಾದ ಸ್ಥಾನ ಇದು: ನಂಬಿದವನೇ, ಆದರೂ ಪೂರ್ಣವಾಗಿ ನಂಬಲಾರದವನು. ಇಂಥ ಅಪೂರ್ಣ ಕ್ರೈಸ್ತನ ಅಂತರಂಗ 19ನೆಯ ಶತಮಾನದ ಕನ್ನಡ ಕ್ರೈಸ್ತ ಗದ್ಯದಲ್ಲಿ ಬಹುಮಟ್ಟಿಗೆ ಕಾಣಬರುವುದಿಲ್ಲ. ಮೋಗ್ಲಿಂಗರ ‘ಜಾತಿ ವಿಚಾರಣೆ’, ‘ದೇವ ವಿಚಾರಣೆ’ಗಳ ಹೆಸರುಗಳೇ ಆ ಗದ್ಯದ ನಿಲುವನ್ನು ಸಾರುತ್ತವೆ. ವಿಚಾರಣೆ ನಡೆಯುವುದು ಎದುರಿನವನದು. (ಆ ಪದ ಈಗ ಹೆಚ್ಚಾಗಿ ನ್ಯಾಯಾಲಯದಲ್ಲಿಯೇ ಕೇಳಿಬರುವುದು ಆಕಸ್ಮಿಕವಲ್ಲವೇನೋ.) ಬನ್ಯನನ ಗ್ರಂಥವು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಆ ಶತಮಾನದಲ್ಲಿಯೇ ಕನ್ನಡಕ್ಕೆ ಬಂದಿತು. ಅದರಲ್ಲಿ ಸಂಶಯಕ್ಕೆ ಸ್ಥಳವುಂಟು, ನಿಜ. ಆದರೆ ಸಂಶಯ ಅಲ್ಲಿ ಒಂದು ಕೋಟೆ, ನಿರಾಶೆ ಒಬ್ಬ ರಾಕ್ಷಸ. ಯಾತ್ರಿಕನು ಅದರೊಳಗೆ ಸಿಕ್ಕಿಬೀಳುತ್ತಾನೆ, ಬೀಗ ತೆರೆದು ಪಾರಾಗುತ್ತಾನೆ. ವಚನಕಾರನಿಗೆ ಸಂಶಯವು ದಾರಿಯ ಪಕ್ಕದ ಕೋಟೆಯಲ್ಲ. ಲಿಂಗವನ್ನು ಹಿಡಿದ ತನ್ನ ಕೈಯಲ್ಲಿಯೇ ಇರುವಂಥದು. ಈ ಎರಡು ರೀತಿಗಳ ಅಂತರ ಅಲ್ಪವಾದುದಲ್ಲ. ಕಿಟ್ಟೆಲರು ತಮ್ಮ ‘ಕಥಾಮಾಲೆ’ಯಲ್ಲಿ (1862) ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಒಗ್ಗಿಸಿದರು. ಕಿವಿಗೆ ಅದು ಕನ್ನಡವಾಯಿತು. ಅಂತರಂಗಕ್ಕೆ ಆಗಲು ಇನ್ನೂ ಕಾಲ ಬೇಕಾಯಿತು.

ದಿವಂಗತ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಸಭಾಪಾಲಕರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ‘ತಿರುಳ್ಗನ್ನಡದ ತಿರುಕ’ನೆಂಬ ಅವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಅವರ ಧರ್ಮಚಿಂತನೆಯನ್ನು ತಿಳಿಯಬಯಸುವವರು ಸಾಮಾನ್ಯವಾಗಿ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಕೈಗೆತ್ತಿಕೊಳ್ಳುತ್ತಾರೆ. ಕ್ರಿಸ್ತನನ್ನು ಹಿಂದೂ ಸಮಾಜವು ತನ್ನವನೆಂದು ಬರಮಾಡಿಕೊಳ್ಳಬೇಕೆಂಬ ಬಿನ್ನಹವದು. ‘ವಿಚಾರಣೆ’ ಹೋಗಿ ‘ವಿನಂತಿ’ ಬಂದುದು ದೊಡ್ಡ ಮಾರ್ಪಾಟೆಂಬುದು ನಿರ್ವಿವಾದ. ಆದರೂ ಅಲ್ಲಿ ಮಾತನಾಡುವುದು ಬೆತ್ಲೆಹೇಮು, ಕೇಳುವುದು ಬನಾರಸು. ಇವೆರಡರ ನಡುವೆ ನಿಂತ ಮನುಷ್ಯನು ತನ್ನ ಮಾತನ್ನು ಆಡುವುದಿಲ್ಲ. ಆದುದರಿಂದ ಅವರ ನಂಬಿಕೆಯ ಸ್ವರೂಪವನ್ನು ಅವರ ಧರ್ಮಗ್ರಂಥಗಳಿಗಿಂತ ಅವರು ಸಂಪಾದಿಸಿದ ಗ್ರಂಥಗಳಲ್ಲಿ ಅರಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಇದಕ್ಕೊಂದು ಆಕ್ಷೇಪ ಏಳಬಹುದು. ಸಂಪಾದಕನು ಪಾಠಭೇದಗಳನ್ನು ತೂಗುವವನು. ಆತನ ಆತ್ಮಕಥೆಯನ್ನು ಅಲ್ಲಿ ಹುಡುಕುವುದು ಸಲ್ಲದು. ಈ ಆಕ್ಷೇಪಕ್ಕೆ ಬಲವಿದೆ. ಉತ್ತಂಗಿಯವರ ಕನ್ನಡದ ಮೇಲಣ ಪ್ರೀತಿಯೊಂದೇ ಅವರ ದುಡಿಮೆಗೆ ಸಾಕಾದ ಕಾರಣವೆಂದು ಯಾರಾದರೂ ಹೇಳಿದರೆ ಅದನ್ನು ಸುಳ್ಳೆನ್ನಲಾಗದು. ಆದರೆ ಆಯ್ಕೆಯೂ ಒಂದು ಬಗೆಯ ಮಾತು. ಯಾವ ಕವಿಗಳನ್ನು ಅವರು ಆರಿಸಿಕೊಂಡರೆಂಬುದನ್ನು ನೋಡಬೇಕು.

1924ರಲ್ಲಿ ಹೊರಬಂದ ಸರ್ವಜ್ಞನ ವಚನಗಳ ಸಂಗ್ರಹ ಅವರಿಗೆ ಅಚ್ಚಳಿಯದ ಕೀರ್ತಿಯನ್ನು ತಂದಿತು. ಸರ್ವಜ್ಞನಿಗೆ ಮಠವಿಲ್ಲ, ಮನೆಯಿಲ್ಲ. ಒಂದು ಸಭೆಯ ಆಡಳಿತಕ್ಕೆ ಒಳಪಟ್ಟ ಬೋಧಕನನ್ನು ಇಂಥ ತಿರಿದುಣ್ಣುವವನು ಸೆಳೆದುದರಲ್ಲಿ ಅರ್ಥವುಂಟು. ಅವನ ಭಿಕ್ಷಾಟನೆಯ ಹೆಸರು ಇವರಿಗೂ ಅಂಟಿಕೊಂಡಿತು. ಆದರೆ ನಮ್ಮ ಪ್ರಶ್ನೆಗೆ ಸರ್ವಜ್ಞನಿಂದ ಪೂರ್ಣ ಉತ್ತರ ದೊರೆಯದು. ಅವನಲ್ಲಿ ಲೋಕನಿಂದೆ ಹೆಚ್ಚು, ಆತ್ಮನಿಂದೆ ಕಡಿಮೆ. ತಾನು ತಪ್ಪಿದೆನೆಂದು ಅಳುವ ಕವಿ ಅವನಲ್ಲ. ಉತ್ತಂಗಿಯವರು ಅಲ್ಲಿಯೇ ನಿಂತಿದ್ದರೆ ಈ ಲೇಖನಕ್ಕೆ ಅವಕಾಶವಿರುತ್ತಿರಲಿಲ್ಲ.

ಅವರು ನಿಲ್ಲಲಿಲ್ಲ. ‘ಸಿದ್ಧರಾಮ ಸಾಹಿತ್ಯ ಸಂಗ್ರಹ’ (1955) ಅವರ ಮುಪ್ಪಿನ ಕಾಲದ ದುಡಿಮೆ. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದವನು, ಗುಡಿ ಎತ್ತಿಸಿದವನು, ಲೋಕದ ಕಣ್ಣಿಗೆ ಆಗಲೇ ಸಿದ್ಧನಾದವನು. ಅಂಥವನ ಊರಿಗೆ ಅಲ್ಲಮನು ಬಂದು, ಹೊರಗಿನ ಪುಣ್ಯಕಾರ್ಯ ಒಳಗಿನ ಅರಿವಿಗೆ ಸಾಟಿಯಲ್ಲವೆಂದು ತೋರಿಸಿಕೊಟ್ಟು ಅವನನ್ನು ಕಲ್ಯಾಣಕ್ಕೆ ಕರೆದೊಯ್ದನು. ಶಾಲೆ, ಆಸ್ಪತ್ರೆ, ಹಂಚಿನ ಕಾರಖಾನೆಗಳನ್ನು ನಡೆಸಿದ ಮಿಷನ್ನಿನ ಸೇವಕರೊಬ್ಬರು ಕೆರೆ ಕಟ್ಟಿಸಿದ ಯೋಗಿಯ ವಚನಗಳನ್ನು ಕೂಡಿಸುತ್ತ ಕುಳಿತ ಚಿತ್ರವನ್ನು ಓದುಗರು ಒಮ್ಮೆ ಕಲ್ಪಿಸಿಕೊಳ್ಳಬೇಕು. ಕ್ರಿಯೆಯಿಂದಲ್ಲ, ನಂಬಿಕೆಯಿಂದಲೇ ಮನುಷ್ಯನು ನೀತಿವಂತನೆನಿಸುವನೆಂಬುದು ಲೂಥರನ ಮುಖ್ಯ ಬೋಧೆ. ಅಲ್ಲಮನ ಮಾತು ಅದೇ ಅಲ್ಲ. ಅಲ್ಲಮನು ಕೇಳುವುದು ಅರಿವನ್ನು, ಲೂಥರನು ಕೇಳುವುದು ಭರವಸೆಯನ್ನು. ಇಬ್ಬರನ್ನು ಒಂದಾಗಿಸುವ ಅವಸರ ಸಲ್ಲದು. ಆದರೆ ಮಾಡಿದ್ದೆಲ್ಲ ಸಾಲದೆಂಬ ನೋವು ಇಬ್ಬರ ಕೇಳುಗನಿಗೂ ಒಂದೇ.

‘ಅನುಭವ ಮಂಟಪದ ಐತಿಹಾಸಿಕತೆ’ (1951) ಬೇರೊಂದು ಬಗೆಯ ಕೃತಿ. ಮಂಟಪವು ನಿಜವಾಗಿ ಇದ್ದಿತೋ, ಶೂನ್ಯಸಂಪಾದನಾಕಾರರ ಕಲ್ಪನೆಯೋ ಎಂಬ ಶಂಕೆ ಎದ್ದಾಗ ಅದು ಇದ್ದಿತೆಂದು ವಾದಿಸಲು ಮುಂದಾದವರಲ್ಲಿ ಕ್ರೈಸ್ತ ಸಭಾಪಾಲಕರೊಬ್ಬರೂ ಇದ್ದುದು ನಮ್ಮ ಸಾಹಿತ್ಯಚರಿತ್ರೆಯ ಸೊಗಸಾದ ಪ್ರಸಂಗ. ಉದಾರಮನಸ್ಸಿಗೆ ಇದು ಸಾಕ್ಷಿಯೆಂದು ಹೊಗಳಿ ಮುಂದೆ ಸಾಗುವುದು ರೂಢಿ. ನಮಗೆ ಇಲ್ಲಿ ಕಾಣುವುದು ಔದಾರ್ಯಕ್ಕಿಂತ ಸ್ವಭಾವ. ಕ್ರೈಸ್ತಧರ್ಮ ಒಂದು ಕಾಲದ, ಒಂದು ಊರಿನ ಘಟನೆಯ ಮೇಲೆ ನಿಂತಿದೆ. ಶಿಲುಬೆ ನಿಜವಾಗಿ ನೆಡಲ್ಪಡದಿದ್ದರೆ ಅದರ ಬೋಧೆ ಕುಸಿಯುತ್ತದೆ. ಈ ಶಿಕ್ಷಣ ಪಡೆದ ಮನಸ್ಸು ಕಲ್ಯಾಣದಲ್ಲಿಯೂ ನೆಲಗಟ್ಟನ್ನು ಹುಡುಕಿತು. ಇಲ್ಲಿ ನಾವು ಉತ್ತಂಗಿಯವರೊಡನೆ ಪೂರ್ಣವಾಗಿ ಸಮ್ಮತಿಸಲಾರೆವು. ಮಂಟಪಕ್ಕೆ ಕಂಬಗಳಿದ್ದುವೆಂದು ಸಿದ್ಧವಾದರೂ ಅನುಭವ ಸಿದ್ಧವಾಗುವುದಿಲ್ಲ. ಕಂಬಗಳಿಲ್ಲದಿದ್ದರೆ ವಚನಗಳ ತೂಕ ಕುಂದುವುದೂ ಇಲ್ಲ. ಇಷ್ಟು ಛಲದಿಂದ ಇತಿಹಾಸದ ಆಧಾರವನ್ನು ಕೇಳುವ ಕಡೆಯಲ್ಲಿ ಆಧಾರ ತಪ್ಪೀತೆಂಬ ಅಳುಕೂ ಇರಬೇಕು. ಅಪೂರ್ಣ ನಂಬಿಕೆ ಇಲ್ಲಿ ಸಂಶೋಧನೆಯ ವೇಷದಲ್ಲಿದೆ ಎನ್ನಬೇಕಾಗುತ್ತದೆ. ಇದು ಅವರ ಮೇಲಣ ದೂರಲ್ಲ. ಸಂಶೋಧಕರೆನಿಸಿದ ನಾವೆಲ್ಲ ಒಂದಲ್ಲ ಒಂದು ಕಡೆ ಇದೇ ವೇಷ ತೊಟ್ಟವರು.

ಇದಕ್ಕೂ ಒಂದು ವರ್ಷ ಮೊದಲು, 1950ರಲ್ಲಿ, ಅವರು ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಪ್ರಕಟಿಸಿದ್ದರು. ಅವರ ಸಂಪಾದನೆಗಳಲ್ಲಿ ನಮಗೆ ಇದೇ ಹೆಚ್ಚು ಮುಖ್ಯವಾದುದೆಂದು ತೋರುತ್ತದೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ಬದುಕಿದನೆಂದು ಮಾರಯ್ಯನ ಕಥೆ. ಇಷ್ಟನ್ನೆಲ್ಲ ಬಿಟ್ಟು ಬಂದವನಿಗೂ ಕೊನೆಗೊಂದು ಆಸೆ ಉಳಿಯುತ್ತದೆ, ಕೈಲಾಸಕ್ಕೆ ಹೋಗಬೇಕೆನ್ನುತ್ತಾನೆ. ಆಗ ಹೆಂಡತಿ ಅವನನ್ನು ತಡೆದು ಕೇಳುತ್ತಾಳೆ. ಇಲ್ಲಿಲ್ಲದ ಯಾವುದು ಅಲ್ಲಿದೆ? ಹೋಗುವೆನೆಂಬ ನಿನಗೂ ಹೋಗಬೇಕಾದ ಎಡೆಗೂ ನಡುವೆ ದೂರವಿದೆಯೆಂದು ಬಗೆದುದೇ ಕುಂದಲ್ಲವೆ? ಆಕೆಯ ಮಾತಿನ ಸಾರ ಇದು. ಮಾರಯ್ಯನು ಸಿಟ್ಟಾಗುವುದಿಲ್ಲ, ಎಲ್ಲವನ್ನೂ ಬಿಟ್ಟೆನೆಂದು ತಿಳಿದಿದ್ದವನು ಬಿಡದೆ ಉಳಿದುದೊಂದನ್ನು ಹೆಂಡತಿಯ ಬಾಯಿಂದ ತಿಳಿದುಕೊಳ್ಳುತ್ತಾನೆ. ಭಕ್ತನ ಅಪೂರ್ಣತೆ ಅವನ ಪಾಪದಲ್ಲಿಲ್ಲ, ಅವನ ಅತ್ಯಂತ ಪವಿತ್ರವಾದ ಬಯಕೆಯಲ್ಲಿಯೇ ಅಡಗಿದೆ ಎಂಬ ಈ ನೋಟ ಮಿಷನ್ನಿನ ಗದ್ಯಕ್ಕೆ ದಕ್ಕಿರಲಿಲ್ಲ. ಅಲ್ಲಿ ಪಾಪದ ಅರಿಕೆಗೆ ಮಾತುಗಳಿದ್ದುವು; ಪುಣ್ಯದ ಅರಿಕೆಗೆ ಇರಲಿಲ್ಲ.

ಸಭಾಪಾಲಕನು ಗೋರಿಯ ಬಳಿ ನಿಂತು ಪರಲೋಕದ ಭರವಸೆಯನ್ನು ಓದಿ ಹೇಳಬೇಕಾದವನು. ಉತ್ತಂಗಿಯವರು ಆ ಕರ್ತವ್ಯವನ್ನು ಹೊತ್ತವರು, ಕೊನೆಯವರೆಗೆ ಕ್ರೈಸ್ತರಾಗಿಯೇ ಬಾಳಿದವರು. ಅದೇ ಕೈ ಮಹಾದೇವಿಯ ಪ್ರಶ್ನೆಯನ್ನು ಓಲೆಗರಿಯಿಂದ ಎತ್ತಿ, ಪಾಠ ತಿದ್ದಿ, ಅಚ್ಚಿಗೆ ಕೊಟ್ಟಿತು.