ಅಪ್ಪೆಮಿಡಿಯ ತಳಿವೈವಿಧ್ಯ: ಸಂರಕ್ಷಣೆಯ ಪರಿಭಾಷೆಯ ಒಂದು ವಿಮರ್ಶೆ

ಸಸ್ಯಗಳ ಆನುವಂಶಿಕ ವೈವಿಧ್ಯವನ್ನು ಕುರಿತ ಕನ್ನಡದ ಬರವಣಿಗೆಯಲ್ಲಿ ‘ತಳಿ’ ಎಂಬ ಪದವು ಹೊತ್ತಿರುವ ಭಾರ ದೊಡ್ಡದು. ಬೀಜದಿಂದ ಬೀಜಕ್ಕೆ ಗುಣ ಕಾಯ್ದುಕೊಂಡು ಬರುವ ಭತ್ತವೂ ತಳಿ. ಕಸಿಯಿಂದ ಮಾತ್ರ ಮುಂದುವರಿಯುವ ಮಾವೂ ತಳಿ. ಹಳ್ಳದ ದಂಡೆಯಲ್ಲಿ ಒಂಟಿಯಾಗಿ ನಿಂತ, ಊರಿನವರು ಹೆಸರಿಟ್ಟು ಗುರುತಿಸುವ ಒಂದು ಮರವೂ ತಳಿ. ಭತ್ತ, ರಾಗಿಗಳಂತಹ ಸ್ವಕೀಯ ಪರಾಗಸ್ಪರ್ಶದ ಬೆಳೆಗಳಲ್ಲಿ ಈ ಪದಬಳಕೆಯಿಂದ ಹೆಚ್ಚಿನ ತೊಡಕು ಉಂಟಾಗುವುದಿಲ್ಲ. ಅಲ್ಲಿ ಬೀಜವನ್ನು ಉಳಿಸಿದರೆ ತಳಿಯನ್ನು ಉಳಿಸಿದಂತೆ. ಹಲವು ತಳಿಗಳನ್ನು ಉಳಿಸಿದರೆ ವೈವಿಧ್ಯವನ್ನು ಬಹುಮಟ್ಟಿಗೆ ಉಳಿಸಿದಂತೆ. ಪರಕೀಯ ಪರಾಗಸ್ಪರ್ಶದ ಮರಗಳ ವಿಷಯದಲ್ಲಿ ಈ ಸಮೀಕರಣ ನಿಲ್ಲುವುದಿಲ್ಲ. ಉತ್ತರ ಕನ್ನಡದ ಹುಲೇಕಲ್ ಹಾಗೂ ಸುತ್ತಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಪ್ಪೆಮಿಡಿ ಮಾವು ಇದಕ್ಕೆ ಸ್ಪಷ್ಟ ನಿದರ್ಶನ. ಅಪ್ಪೆಮಿಡಿಯನ್ನು ಕುರಿತು ನಡೆದಿರುವ ದಾಖಲಾತಿ, ಸಂಶೋಧನೆ ಮತ್ತು ಕಾನೂನುಬದ್ಧ ಮನ್ನಣೆ ಈ ಮೂರೂ ಯಾವುದನ್ನು ಎಣಿಸಿವೆ, ಯಾವುದನ್ನು ಎಣಿಸದೆ ಬಿಟ್ಟಿವೆ ಎಂಬುದರ ಪರಿಶೀಲನೆ ಪ್ರಸ್ತುತ ಪ್ರಬಂಧದ ಉದ್ದೇಶ.

ನೆಲೆ ಮತ್ತು ಸ್ವರೂಪ

ಈ ಸೀಮೆಯ ಭೂಬಳಕೆಯಲ್ಲಿ ಒಂದು ಕ್ರಮವಿದೆ. ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಮೇಲಿನ ಇಳಿಜಾರಿನಲ್ಲಿ ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟ, ಅಲ್ಲಲ್ಲಿ ಹಳೆಯ ಕಾನು, ನಡುವೆ ಬೇಡ್ತಿ, ಶಾಲ್ಮಲಾ, ಅಘನಾಶಿನಿಗಳನ್ನು ಸೇರುವ ಹಳ್ಳಗಳು. ಅಪ್ಪೆಮರಗಳು ಹೆಚ್ಚಾಗಿ ಕಾಣುವುದು ಈ ಹಳ್ಳ ಹೊಳೆಗಳ ದಂಡೆಯಲ್ಲಿ ಮತ್ತು ಬೆಟ್ಟಗಳ ಅಂಚಿನಲ್ಲಿ. ಯಾರೂ ನೆಡದೆ, ಬಿದ್ದ ಗೊರಟಿನಿಂದ ಹುಟ್ಟಿ ಬೆಳೆದ ಮರಗಳೇ ಇವುಗಳಲ್ಲಿ ಬಹುಸಂಖ್ಯಾತ. ಹಣ್ಣಿಗಾಗಿ ಇವನ್ನು ಯಾರೂ ಬಯಸುವುದಿಲ್ಲ. ಗೊರಟು ಗಟ್ಟಿಯಾಗುವ ಮೊದಲೇ ಕೊಯ್ದ ಎಳೆಯ ಮಿಡಿ ಉಪ್ಪಿನಕಾಯಿಗೆ ಸಲ್ಲುತ್ತದೆ. ಮಿಡಿಯ ಹುಳಿ, ತೊಟ್ಟಿನಲ್ಲಿ ಒಸರುವ ಸೊನೆ ಮತ್ತು ಅದರ ಪರಿಮಳ ಇವು ಗುಣನಿರ್ಣಯದ ಮಾನದಂಡಗಳು. ಸೊನೆಯಲ್ಲಿರುವ ಟರ್ಪೀನ್ ವರ್ಗದ ಸಂಯುಕ್ತಗಳು ಮರದಿಂದ ಮರಕ್ಕೆ ಬದಲಾಗುವುದರಿಂದಲೇ ಒಂದು ಮರದ ಮಿಡಿ ಜೀರಿಗೆಯ, ಇನ್ನೊಂದರದು ಕರ್ಪೂರದ ವಾಸನೆ ಬೀರುತ್ತದೆ.

ಪಶ್ಚಿಮ ಕರಾವಳಿಯ ಕೆಲವು ಬಹುಭ್ರೂಣ ತಳಿಗಳನ್ನು ಬಿಟ್ಟರೆ ಭಾರತದ ಮಾವು ಬಹುಮಟ್ಟಿಗೆ ಏಕಭ್ರೂಣ ಬೀಜದ್ದು. ನೊಣ ಮತ್ತಿತರ ಕೀಟಗಳಿಂದ ಪರಕೀಯ ಪರಾಗ ಪಡೆದ ಹೂವಿನಿಂದ ಆದ ಗೊರಟಿನಲ್ಲಿ ತಾಯಿಮರದ ಗುಣ ಯಥಾವತ್ತಾಗಿ ಬರುವುದಿಲ್ಲ. ಆದುದರಿಂದ ಹೊಳೆದಂಡೆಯ ಪ್ರತಿಯೊಂದು ಬೀಜಸಸಿಯೂ ಹಿಂದೆಂದೂ ಇರದ ಒಂದು ಹೊಸ ಆನುವಂಶಿಕ ಸಂಯೋಜನೆ. ಅಪ್ಪೆಯ ವೈವಿಧ್ಯದ ಮೂಲ ಈ ಪುನರುತ್ಪತ್ತಿಯಲ್ಲಿದೆಯೇ ಹೊರತು ಹೆಸರು ಪಡೆದ ಮರಗಳಲ್ಲಿಲ್ಲ. ಹೆಸರು ಪಡೆದ ಮರಗಳು ಈ ಪ್ರಕ್ರಿಯೆಯ ಫಲಗಳು.

ಮೂರು ಬಗೆಯ ಎಣಿಕೆ

ಅಪ್ಪೆಮಿಡಿಯ ಮೊದಲ ದಾಖಲಾತಿ ಜನರ ನಾಲಿಗೆಯ ಮೇಲಿನದು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟ ಅಪ್ಪೆ, ಜೀರಿಗೆ ಅಪ್ಪೆ ಮೊದಲಾದ ಹೆಸರುಗಳಲ್ಲಿ ಕೆಲವು ವ್ಯಕ್ತಿಯನ್ನು, ಕೆಲವು ಸ್ಥಳವನ್ನು, ಕೆಲವು ವಾಸನೆಯನ್ನು ಸೂಚಿಸುತ್ತವೆ. ಇವುಗಳನ್ನು ಪಟ್ಟಿಮಾಡಿದ ಜನಪ್ರಿಯ ಬರವಣಿಗೆಗಳು ಪಟ್ಟಿಯ ಉದ್ದವನ್ನೇ ವೈವಿಧ್ಯದ ಅಳತೆಯೆಂದು ಭಾವಿಸಿವೆ. ಇಲ್ಲಿ ಎರಡು ದೋಷಗಳಿವೆ. ‘ಜೀರಿಗೆ ಅಪ್ಪೆ’ ಎಂಬುದು ಒಂದೇ ಮರದ ಸಂತಾನವಲ್ಲ. ಒಂದೇ ಬಗೆಯ ಪರಿಮಳವುಳ್ಳ, ಬೇರೆ ಬೇರೆ ಹಳ್ಳಗಳ ಬೇರೆ ಬೇರೆ ಮರಗಳಿಗೆ ಈ ಹೆಸರು ಸಲ್ಲುತ್ತದೆ. ಮತ್ತೊಂದೆಡೆ, ಉಪ್ಪಿನಕಾಯಿಗೆ ಒದಗದ ಅಸಂಖ್ಯ ಮರಗಳಿಗೆ ಹೆಸರೇ ಇಲ್ಲ. ಹೆಸರಿನ ಪಟ್ಟಿ ಅಡುಗೆಮನೆಯ ವಿವೇಕವನ್ನು ದಾಖಲಿಸುತ್ತದೆ. ಅದು ಅಮೂಲ್ಯ, ಆದರೆ ಅದು ಆನುವಂಶಿಕ ವೈವಿಧ್ಯದ ಗಣತಿಯಲ್ಲ.

ಎರಡನೆಯದು ವೈಜ್ಞಾನಿಕ ಎಣಿಕೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಪ್ಪೆಮರಗಳಿಂದ ಕಸಿಕಡ್ಡಿ ಸಂಗ್ರಹಿಸಿ ಕ್ಷೇತ್ರ ಜೀನ್ ಬ್ಯಾಂಕಿನಲ್ಲಿ ಬೆಳೆಸಿದೆ. ಕಾಯಿಯ ಗುಣಲಕ್ಷಣಗಳ ಆಧಾರದಿಂದ ಈ ಸಂಗ್ರಹಗಳ ವೈವಿಧ್ಯವನ್ನು ವಿಶ್ಲೇಷಿಸಿದ ಅಧ್ಯಯನ 2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2009ರಲ್ಲಿ ಆರಂಭವಾದ ಉಷ್ಣವಲಯದ ಹಣ್ಣಿನ ಮರಗಳ ಅಂತರರಾಷ್ಟ್ರೀಯ ಸಂರಕ್ಷಣಾ ಯೋಜನೆಯು ಭಾರತದಲ್ಲಿ ಆಯ್ದ ನೆಲೆಗಳಲ್ಲಿ ಶಿರಸಿಯೂ ಒಂದು. ಮನೆಯಂಗಳದಲ್ಲಿ ಅಪರೂಪದ ಮರಗಳನ್ನು ಕಾಯುವ ‘ಪಾಲಕ ರೈತ’ರನ್ನು ಗುರುತಿಸಿದ್ದು ಅದರ ಗಮನಾರ್ಹ ಕೊಡುಗೆ. ಈ ಕಾರ್ಯಗಳ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಮಾವಿನ ಬೀಜ ಒಣಗಿದರೆ ಜೀವ ಕಳೆದುಕೊಳ್ಳುತ್ತದೆ. ಧಾನ್ಯದಂತೆ ಅದನ್ನು ಶೀತಾಗಾರದಲ್ಲಿ ದೀರ್ಘಕಾಲ ಕಾಪಿಡಲಾಗದು. ಪ್ರವಾಹಕ್ಕೋ ಕೊಡಲಿಗೋ ಸಿಕ್ಕಿದ ತಾಯಿಮರವನ್ನು ಉಳಿಸಲು ಕಸಿಯೇ ದಾರಿ. ಆದರೆ ಸಂಗ್ರಹಕ್ಕೆ ಬಂದದ್ದು ಬಹುಮಟ್ಟಿಗೆ ಈಗಾಗಲೇ ಖ್ಯಾತಿ ಪಡೆದ ಮರಗಳು. ಆದುದರಿಂದ ವಿಜ್ಞಾನ ಅಳೆದದ್ದು ಅಡುಗೆಮನೆ ಮೊದಲೇ ಸೋಸಿಕೊಟ್ಟ ವೈವಿಧ್ಯವನ್ನು. ರೋಗನಿರೋಧ, ಬರಸಹಿಷ್ಣುತೆ, ನೀರು ನಿಲ್ಲುವ ನೆಲವನ್ನು ತಾಳುವ ಗುಣ ಇವು ಪರಿಮಳವಿಲ್ಲದ ಮರದಲ್ಲಿಯೂ ಇರಬಹುದೆಂಬ ಸಾಧ್ಯತೆ ಈ ಆಯ್ಕೆಯ ಹೊರಗೆ ಉಳಿಯುತ್ತದೆ.

ಮೂರನೆಯದು ಕಾನೂನಿನ ಎಣಿಕೆ. ಅಪ್ಪೆಮಿಡಿಗೆ 2009–10ರ ಸಾಲಿನಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಈ ಮನ್ನಣೆ ಕಾಯುವುದು ಹೆಸರನ್ನು ಮತ್ತು ಹೆಸರಿಗೂ ಪ್ರದೇಶಕ್ಕೂ ಇರುವ ಸಂಬಂಧವನ್ನು, ಮರವನ್ನಲ್ಲ. ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ (2001) ರೈತನ ತಳಿಯನ್ನೂ ನೋಂದಾಯಿಸಲು ಅವಕಾಶ ಕೊಟ್ಟದ್ದು ಪ್ರಗತಿಪರ ಹೆಜ್ಜೆ. ಆದರೂ ಆ ಕಾಯಿದೆಯ ಅಡಿಪಾಯ ವೈಶಿಷ್ಟ್ಯ, ಏಕರೂಪತೆ ಮತ್ತು ಸ್ಥಿರತೆ ಎಂಬ ಮೂರು ಲಕ್ಷಣಗಳು. ಹೊಳೆದಂಡೆಯ ಬೀಜಸಸಿಗಳ ಸಮೂಹದಲ್ಲಿ ಏಕರೂಪತೆಯೂ ಇಲ್ಲ, ಸ್ಥಿರತೆಯೂ ಇಲ್ಲ. ಅದರ ಮೌಲ್ಯವಿರುವುದೇ ಅವುಗಳ ಅಭಾವದಲ್ಲಿ. ವೈವಿಧ್ಯದ ಆಕರವಾದ ಸಮೂಹಕ್ಕೆ ಕಾನೂನಿನಲ್ಲಿ ಹೆಸರಿಲ್ಲ. ಅದರಿಂದ ಆಯ್ದು ಕಸಿಯಲ್ಲಿ ಸ್ಥಿರಗೊಳಿಸಿದ ಒಂದು ಮರಕ್ಕೆ ಮಾತ್ರ ಇದೆ.

ಎಣಿಕೆಗೆ ಬಾರದ ಹಾನಿ

ಮೂರು ಎಣಿಕೆಗಳಿಗೂ ಸಿಗದ ಹಾನಿ ಮಿಡಿಯ ಕೊಯ್ಲಿನಲ್ಲಿಯೇ ಅಡಗಿದೆ. ಮಾರುಕಟ್ಟೆಯ ಬೇಡಿಕೆ ಹೆಚ್ಚಿದಂತೆ ಮರದ ಮಿಡಿಯನ್ನೆಲ್ಲ ಒಮ್ಮೆಗೇ ಇಳಿಸುವ, ಎಟುಕದ ಕೊಂಬೆಗಳನ್ನು ಕಡಿದೇ ಕೆಡಹುವ ರೂಢಿ ಬೆಳೆಯಿತು. ಕೊಂಬೆ ಕಡಿಯುವುದು ಕಣ್ಣಿಗೆ ಕಾಣುವ ಹಾನಿಯಾದ್ದರಿಂದ ಅದರ ಬಗ್ಗೆ ಆಕ್ಷೇಪಗಳು ಬಂದಿವೆ. ಕಾಣದ ಹಾನಿ ಇನ್ನೊಂದು. ಮಿಡಿಯೆಂದರೆ ಬೀಜವಾಗುವ ಮೊದಲೇ ಕೊಯ್ದ ಕಾಯಿ. ಎಲ್ಲ ಮಿಡಿಯನ್ನೂ ಇಳಿಸಿದ ಮರದಿಂದ ಗೊರಟು ನೆಲಕ್ಕೆ ಬೀಳುವುದಿಲ್ಲ. ಮಂಗ, ಬಾವಲಿ, ಮಳೆಗಾಲದ ನೆರೆ ಸಾಗಿಸಲು ಏನೂ ಉಳಿಯುವುದಿಲ್ಲ. ಹೆಸರಾಂತ ಮರದ ಮಿಡಿಯೇ ಹೆಚ್ಚು ಬೆಲೆಬಾಳುವುದರಿಂದ ಉತ್ತಮ ಗುಣದ ಮರಗಳೇ ಮೊದಲು ನಿಸ್ಸಂತಾನವಾಗುತ್ತವೆ. ಮರ ನಿಂತೇ ಇರುವುದರಿಂದ ಪಟ್ಟಿಯಲ್ಲಿ ಒಂದು ಹೆಸರೂ ಕಡಿಮೆಯಾಗುವುದಿಲ್ಲ. ಮುದಿಮರಗಳು ಬಿದ್ದಾಗ ಅವುಗಳ ಜಾಗಕ್ಕೆ ಬರುವ ಮುಂದಿನ ಪೀಳಿಗೆ ದಂಡೆಯಲ್ಲಿ ಇಲ್ಲವೆಂಬುದು ಬಹಳ ತಡವಾಗಿ ಗೋಚರಿಸುತ್ತದೆ.

ಕಸಿಗಿಡ ಈ ಕೊರತೆಯನ್ನು ತುಂಬುವುದಿಲ್ಲ. ಒಂದು ಮರದಿಂದ ಮಾಡಿದ ಸಾವಿರ ಕಸಿಗಳು ಆನುವಂಶಿಕವಾಗಿ ಒಂದೇ ಮರ. ಕಸಿಯು ಬೆಳೆಗಾರನ ಆದಾಯಕ್ಕೂ, ಹೊಳೆದಂಡೆಯ ಮರಗಳ ಮೇಲಿನ ಒತ್ತಡ ಇಳಿಸುವುದಕ್ಕೂ ನೆರವಾಗುತ್ತದೆ. ಆದರೆ ಹೊಸ ಸಂಯೋಜನೆಯನ್ನು ಹುಟ್ಟಿಸಲಾರದು. ಆಸ್ಟ್ರೇಲಿಯದ ತಳಿವಿಜ್ಞಾನಿ ಆಟೊ ಫ್ರಾಂಕೆಲ್ 1974ರ ತಮ್ಮ ಲೇಖನದಲ್ಲಿ ಸಂರಕ್ಷಣೆಯನ್ನು ವಿಕಾಸದ ಮುಂದುವರಿಕೆಗೆ ಸಂಬಂಧಿಸಿದ ಮಾನವನ ಹೊಣೆಯೆಂದು ನಿರೂಪಿಸಿದ್ದರು. ಆ ಹೊಣೆಯ ದೃಷ್ಟಿಯಿಂದ ನೋಡಿದರೆ ಅಪ್ಪೆಯ ವಿಷಯದಲ್ಲಿ ಪರಸ್ಥಾನ ಸಂರಕ್ಷಣೆ ಸಾಗಿದಷ್ಟು ದೂರ ಸ್ವಸ್ಥಾನ ಸಂರಕ್ಷಣೆ ಸಾಗಿಲ್ಲ.

ಕಾಳುಮೆಣಸಿನ ಪಾಠ

ಇದೇ ತೋಟಗಳ ಕಾಳುಮೆಣಸು ಈ ವಾದಕ್ಕೆ ಪೂರಕ ಸಾಕ್ಷ್ಯ ಒದಗಿಸುತ್ತದೆ. 1801ರಲ್ಲಿ ಸೋಂದಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತೋಟದ ಮೆಣಸಿನೊಂದಿಗೆ ಕಾನುಗಳಲ್ಲಿ ತಾನಾಗಿ ಬೆಳೆಯುವ ಮೆಣಸನ್ನೂ ಗಮನಿಸಿದ್ದನು. ಕಾಡಿನ ಬಳ್ಳಿಗಳಲ್ಲಿ ಗಂಡು ಹೆಣ್ಣುಗಳು ಸಾಮಾನ್ಯವಾಗಿ ಬೇರೆ ಬೇರೆ. ಬೀಜವನ್ನು ಹಕ್ಕಿಗಳು ಹರಡುತ್ತವೆ. ಮಲ್ಲಿಗೆಸರ, ಕರಿಮಲ್ಲಿಗೆಸರ ಮೊದಲಾದ ತೋಟದ ತಳಿಗಳು ಬಳ್ಳಿಯ ತುಂಡುಗಳಿಂದ ಮುಂದುವರಿದವು. ಕೇರಳದ ಪನ್ನಿಯೂರಿನಿಂದ 1971ರಲ್ಲಿ ಬಿಡುಗಡೆಯಾದ ಮೊದಲ ಸಂಕರ ಮೆಣಸು ಪನ್ನಿಯೂರು-1ರ ತಾಯಿ ಉತ್ತಿರನ್‌ಕೊಟ್ಟ. ಹೆಣ್ಣು ಹೂಗಳೇ ಹೆಚ್ಚಿರುವ, ಸ್ವತಃ ಅಲ್ಪ ಇಳುವರಿಯ ಬಳ್ಳಿ ಅದು. ಇಳುವರಿಯೊಂದನ್ನೇ ನೋಡಿ ಉಳಿಸಬೇಕಾದ ತಳಿಗಳನ್ನು ಆರಿಸಿದ್ದರೆ ಅದು ಪಟ್ಟಿಗೆ ಸೇರುತ್ತಿರಲಿಲ್ಲ. ತಳಿ ಅಭಿವೃದ್ಧಿಗೆ ಬೇಕಾದ ಗುಣ ಎಲ್ಲಿದೆಯೆಂದು ಮುಂಚಿತವಾಗಿ ಹೇಳಲಾಗದು. ಹೆಸರಿಲ್ಲದ, ಉಪಯೋಗ ಕಾಣದ ಗಿಡವನ್ನೂ ಉಳಿಸಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಡ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಕಸಿಯ ನಿರಾಕರಣೆಯಲ್ಲ. ಕಸಿಯನ್ನೇ ಸಂರಕ್ಷಣೆಯ ಸಮಗ್ರ ರೂಪವೆಂದು ತಿಳಿಯುವ ಭ್ರಮೆಯ ನಿರಾಕರಣೆ. ‘ತಳಿ’ ಎಂಬ ಒಂದು ಪದದೊಳಗೆ ಸೇರಿಹೋಗಿರುವ ಮೂರು ಅರ್ಥಗಳನ್ನು ಸಂಶೋಧನೆಯ ಭಾಷೆ ಬೇರ್ಪಡಿಸಬೇಕಾಗಿದೆ: ಹೆಸರು, ಮರ ಮತ್ತು ಸಂತತಿ. ಹೆಸರನ್ನು ದಾಖಲೆಯಿಂದಲೂ ಮರವನ್ನು ಕಸಿಯಿಂದಲೂ ಕಾಯಬಹುದು. ಸಂತತಿಯನ್ನು ಕಾಯಲು ನೆಲ ಬೇಕು, ನೆಲದ ಮೇಲೆ ಬೀಳುವ ಗೊರಟು ಬೇಕು, ಮೊಳೆತ ಸಸಿ ಬೆಟ್ಟದ ಸೊಪ್ಪಿನೊಂದಿಗೆ ಕತ್ತಿಗೆ ಸಿಗದಂತೆ ಉಳಿಯಬೇಕು.

ಇದಕ್ಕೆ ಸಾಧನಗಳು ಇಲ್ಲದಿಲ್ಲ. ಜೀವವೈವಿಧ್ಯ ಕಾಯಿದೆಯ (2002) ಅಡಿಯಲ್ಲಿ ದೇವನಹಳ್ಳಿ ಸಮೀಪದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಒಂದು ಮರಕ್ಕಲ್ಲದೆ ಮರಗಳ ಇಡೀ ಸಮೂಹಕ್ಕೆ ದೊರೆತ ಮನ್ನಣೆ ಅದು. ಆಯ್ದ ಹಳ್ಳಗಳ ಅಪ್ಪೆಯ ಸಾಲುಗಳಿಗೂ ಇಂತಹ ಮನ್ನಣೆ ಅಸಾಧ್ಯವಲ್ಲ. ಮರವೊಂದರಲ್ಲಿ ಕೆಲವು ಕೊಂಬೆಗಳ ಕಾಯಿಯನ್ನು ಹಣ್ಣಾಗಲು ಬಿಡುವುದು, ಹಳ್ಳವೊಂದರಲ್ಲಿ ಕೆಲವು ಮರಗಳನ್ನು ಸರದಿಯ ಮೇಲೆ ಕೊಯ್ಯದೆ ಉಳಿಸುವುದು, ಕಸಿತೋಟದ ಅಂಚಿನಲ್ಲಿ ಬೀಜಸಸಿಗಳನ್ನೂ ಬೆಳೆಯಗೊಡುವುದು ಇವು ಊರಿನ ಮಟ್ಟದಲ್ಲಿಯೇ ಆಗಬಹುದಾದ ಕ್ರಮಗಳು. ಗ್ರಾಮ ಪಂಚಾಯಿತಿ ಮಟ್ಟದ ಜೀವವೈವಿಧ್ಯ ದಾಖಲಾತಿಯಲ್ಲಿ ಅಪ್ಪೆಮರದ ಹೆಸರಿನ ಮುಂದೆ ಇನ್ನೊಂದು ಅಂಕಣ ಸೇರಬೇಕು: ಆ ಮರದ ಸುತ್ತ, ಆ ದಂಡೆಯಲ್ಲಿ, ಎಳೆಯ ಸಸಿಗಳು ಎಷ್ಟಿವೆ? ಆ ಅಂಕಣದಲ್ಲಿ ವರ್ಷದಿಂದ ವರ್ಷಕ್ಕೆ ಸೊನ್ನೆಯೇ ಬರುತ್ತಿದ್ದರೆ, ಹೆಸರಿನ ಪಟ್ಟಿ ಎಷ್ಟೇ ಉದ್ದವಿದ್ದರೂ ವೈವಿಧ್ಯ ಉಳಿದಿದೆಯೆಂದು ಹೇಳಲು ಆಧಾರವಿರುವುದಿಲ್ಲ.