ಝಳಕಿಯ ಚಳಿಗೆ ಯಾವ ಜಾಕೆಟ್?

ಒಳ್ಳೆ ಸೈಕ್ಲಿಂಗ್ ಜಾಕೆಟ್ಟಿನ ಕೊರಳಲ್ಲಿ ಒಂದು ಚೀಟಿ ನೇತಾಡ್ತಿರುತ್ತೆ. ಅದರ ಮೇಲೆ ಎರಡು ಸಂಖ್ಯೆ: 10,000 / 10,000. ದುಬಾರಿಯದಾದ್ರೆ 20,000 / 20,000. ಅಂಗಡಿ ಹುಡುಗ ಅದರ ಮೇಲೆ ಬೆರಳಿಟ್ಟು "ಸರ್, ಫುಲ್ ವಾಟರ್‌ಪ್ರೂಫ್, ಫುಲ್ ಬ್ರೀದಬಲ್" ಅಂತಾನೆ. ನಾವು ತಲೆ ಆಡಿಸ್ತೀವಿ, ಫೋನು ಕೊಳ್ಳುವಾಗ ಮೆಗಾಪಿಕ್ಸೆಲ್ ನೋಡಿ ಆಡಿಸಿದ ಹಾಗೇ. ಸಂಖ್ಯೆ ದೊಡ್ಡದಿದ್ದರೆ ಗುಣವೂ ದೊಡ್ಡದಿರಬೇಕಲ್ಲ!

ಈ ಚೀಟಿಯನ್ನ ಒಂದ್ಸಲ ನಿಧಾನವಾಗಿ ಓದೋಣ. ಚಳಿಗಾಲದ ಜಾಕೆಟ್ ಬಗ್ಗೆ ನಾವು ಓದೋ ಸಲಹೆಗಳೆಲ್ಲ ಈ ಎರಡು ಸಂಖ್ಯೆಯ ಮೇಲೇ ನಿಂತಿವೆ. ಆ ಸಲಹೆಗಳು ಹುಟ್ಟಿದ್ದು ಇಂಗ್ಲೆಂಡಿನಲ್ಲೋ ಬೆಲ್ಜಿಯಮ್ಮಿನಲ್ಲೋ. ಅಲ್ಲಿ ಚಳಿ ಮತ್ತು ಮಳೆ ಒಟ್ಟಿಗೇ ಬರ್ತವೆ. ನಮ್ಮಲ್ಲಿ ಬರಲ್ಲ. ನನ್ನ ತಕರಾರು ಇಷ್ಟೇ.

ಮೊದಲ 10,000 ಅಂದ್ರೆ ಮಿಲಿಮೀಟರ್. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ ಎತ್ತರಿಸ್ತಾ ಹೋದರೆ ಹತ್ತು ಮೀಟರ್ ಆಗೋವರೆಗೂ ಆಚೆ ಬದಿಗೆ ಹನಿ ಇಳಿಯಲ್ಲ ಅಂತ ಅರ್ಥ. ಸೈಕಲ್ ಸವಾರನ ಮೇಲೆ ಬೀಳೋ ಮಳೆಗೆ ಇದು ಧಾರಾಳ ಸಾಕು. ಈ ಸಂಖ್ಯೆ ಬಗ್ಗೆ ನನ್ನ ಜಗಳ ಇಲ್ಲ.

ಜಗಳ ಇರೋದು ಎರಡನೇ ಸಂಖ್ಯೆ ಬಗ್ಗೆ. ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿಯನ್ನ ಹೊರಗೆ ಬಿಡುತ್ತೆ ಅನ್ನೋದು ಅದು. 10,000ವನ್ನ 24ರಿಂದ ಭಾಗಿಸಿ. ಗಂಟೆಗೆ ಸುಮಾರು 415 ಗ್ರಾಂ. ಒಂದು ಜಾಕೆಟ್ಟಿನಲ್ಲಿರೋ ಬಟ್ಟೆ ಹೆಚ್ಚು ಕಡಿಮೆ ಒಂದು ಚದರ ಮೀಟರ್ ಅಂತಿಟ್ಟುಕೊಳ್ಳಿ. ಈಗ ಮೈಯ ಕಡೆ ಬನ್ನಿ. ನಾವು ಪೆಡಲ್ ತುಳಿಯುವಾಗ ಮೈ ಖರ್ಚು ಮಾಡೋ ಶಕ್ತಿಯಲ್ಲಿ ಚಕ್ರಕ್ಕೆ ಹೋಗೋದು ನಾಲ್ಕನೇ ಒಂದು ಭಾಗ, ಅದೂ ಕಷ್ಟಪಟ್ಟು. ಉಳಿದ ಮುಕ್ಕಾಲು ಭಾಗ ಬರೀ ಬಿಸಿ. ಸ್ವಲ್ಪ ಜೋರಾಗಿ ತುಳಿದರೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್ ಬೆವರು ದೊಡ್ಡ ಮಾತಲ್ಲ. ಅಂದ್ರೆ ಪ್ರಯೋಗಾಲಯದಲ್ಲಿ ಎಲ್ಲ ಸರಿಯಿದ್ದಾಗ ಸಿಕ್ಕ ಅಂಕವನ್ನೇ ನಂಬಿದರೂ ಬೆವರಿನ ಒಂದು ಪಾಲು ಒಳಗೇ ಉಳೀತದೆ. ಹೊರಗಿನ ಮಳೆ ಒಳಗೆ ಬರಲಿಲ್ಲ, ಒಳಗಿನ ಮಳೆ ಹೊರಗೆ ಹೋಗಲಿಲ್ಲ!

ಇನ್ನೂ ಒಂದು ವಿಷಯವನ್ನ ಚೀಟಿ ಹೇಳಲ್ಲ. ಈ ಜಾಕೆಟ್ಟುಗಳ ಒಳಗಿರೋ ತೆಳು ಪೊರೆ ಆವಿಯನ್ನ ತಾನಾಗಿ ಎತ್ತಿ ಆಚೆ ಎಸೆಯೋ ಯಂತ್ರ ಅಲ್ಲ. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಜಾತಿಯ ವಸ್ತುವನ್ನ ಜಗ್ಗಿ ಹಿಗ್ಗಿಸಿದಾಗ ಸಿಕ್ಕ ವಸ್ತುವಿನಿಂದಲೇ ಗೋರ್‌ಟೆಕ್ಸ್ ಬಂತು. ಅದರ ರಂಧ್ರಗಳು ನೀರಿನ ಹನಿ ನುಗ್ಗಲಾರದಷ್ಟು ಸಣ್ಣವು, ಆವಿ ನುಸುಳುವಷ್ಟು ದೊಡ್ಡವು. ಆದರೆ ಆವಿ ಹೊರಗೆ ಹೋಗಬೇಕಾದ್ರೆ ಒಳಗೆ ಬೆಚ್ಚಗೆ ತೇವ ಇರಬೇಕು, ಹೊರಗೆ ಒಣಗಿರಬೇಕು. ಎರಡೂ ಕಡೆ ಒಂದೇ ಥರ ಇದ್ರೆ ಅದು ಹೋಗೋದಾದ್ರೂ ಯಾಕೆ?

ಈಗ ಈ ಲೆಕ್ಕವನ್ನ ಝಳಕಿಗೆ ತಗೊಂಡು ಹೋಗೋಣ. ವಿಜಯಪುರದಿಂದ ಸೊಲ್ಲಾಪುರದ ಕಡೆ ರಾಷ್ಟ್ರೀಯ ಹೆದ್ದಾರಿ 52 ಹಿಡಿದ್ರೆ ಹೊರ್ತಿ ದಾಟಿದ ಮೇಲೆ ಝಳಕಿ. ಮುಂದೆ ಧೂಳಖೇಡ, ಭೀಮಾ ನದಿ, ಆಮೇಲೆ ಮಹಾರಾಷ್ಟ್ರ. ಬಟ್ಟಬಯಲು. ಬಿಳಿಜೋಳ, ಕಬ್ಬು, ದ್ರಾಕ್ಷಿ, ನಿಂಬೆ. ಗಾಳಿಗೆ ಅಡ್ಡ ನಿಲ್ಲೋಕೆ ಒಂದು ಗುಡ್ಡ ಇಲ್ಲ. ವಿಜಯಪುರ-ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್ ಕೂಟಗಳಿಂದ ಪದಕ ತರೋದು ನಮಗೆ ಹೊಸ ಸುದ್ದಿ ಏನಲ್ಲ. ಅವರ ಕಾಲು ಗಟ್ಟಿಯಾಗೋದು ಇಂಥ ರಸ್ತೆಗಳಲ್ಲೇ, ಅದೂ ನಸುಕಿನಲ್ಲಿ.

ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ನಸುಕಿಗೆ 10 ಡಿಗ್ರಿ ಹತ್ತಿರಕ್ಕೆ ಇಳಿಯುತ್ತೆ. "ಥಂಡಿ ಬಾಳ ಐತ್ರೀ" ಅಂತ ಮಫ್ಲರ್ ಬಿಗಿದುಕೊಂಡವರೇ ಮಧ್ಯಾಹ್ನ 30ರ ಹತ್ತಿರದ ಬಿಸಿಲಲ್ಲಿ ನೆರಳು ಹುಡುಕ್ತಾರೆ. ಇನ್ನು ಮಳೆ? ಬರೋ ಅಷ್ಟಿಷ್ಟು ಮಳೆ ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿದಿರುತ್ತೆ. ಜನವರಿಯಲ್ಲಿ ಜೋಳಕ್ಕೆ ಸಿಗೋದು ಇಬ್ಬನಿ ಮಾತ್ರ. ಗಾಳಿ ಒಣ ಒಣ, ತುಟಿ ಒಡೆಯುವಷ್ಟು. ಪೊರೆ ಚೆನ್ನಾಗಿ ಉಸಿರಾಡೋಕೆ ಇದಕ್ಕಿಂತ ಒಳ್ಳೆ ಹವೆ ಬೇಕಾ? ಆದರೆ ತಡೆಯೋಕೆ ಮಳೆಯೇ ಇಲ್ಲ.

ಈಗ ಮಳೆ ಇರೋ ಕಡೆ ಹೋಗಿ. ಆಗಸ್ಟ್‌ನಲ್ಲಿ ಆಗುಂಬೆ ಅಥವಾ ಸಕಲೇಶಪುರ. ಇಡೀ ದಿನ ಜಡಿಮಳೆ, 20-22 ಡಿಗ್ರಿ, ಗಾಳಿಯಲ್ಲಿ ಇನ್ನೊಂದು ಹನಿಗೂ ಜಾಗ ಇಲ್ಲದಷ್ಟು ತೇವ. ಅಲ್ಲಿ ಪೊರೆಯ ಒಳಗೂ ಹೊರಗೂ ಒಂದೇ ಹವೆ. ಘಾಟಿ ಹತ್ತುವಾಗ ಹತ್ತು ಸಾವಿರದ ಜಾಕೆಟ್ಟೂ ಇಡ್ಲಿ ಪಾತ್ರೆ ಆಗುತ್ತೆ. ಒಟ್ಟಿನಲ್ಲಿ, ಪೊರೆ ಕೆಲಸ ಮಾಡೋ ಕಡೆ ನಮಗೆ ಮಳೆ ಇಲ್ಲ, ಮಳೆ ಇರೋ ಕಡೆ ಪೊರೆ ಕೆಲಸ ಮಾಡಲ್ಲ. ಕರ್ನಾಟಕದಲ್ಲಿ ಈ ಜಾಕೆಟ್ಟಿಗೆ ಐದಂಕಿ ದುಡ್ಡು ಕೊಡೋ ಮುಂಚೆ ಈ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು.

"ಹಾಗಾದ್ರೆ ವಿದೇಶದ ರೇಸರ್‌ಗಳೆಲ್ಲ ದಡ್ಡರಾ?" ಅಂತ ಕೇಳಬಹುದು. ಅವರನ್ನೇ ನೋಡೋಣ. 2013ರ ಮಾರ್ಚ್ 17, ಇಟಲಿಯ ಮಿಲಾನ್-ಸ್ಯಾನ್ ರೆಮೊ ರೇಸು. ಮಳೆ, ಆಮೇಲೆ ಹಿಮ. ರೇಸನ್ನ ನಡುವೆ ನಿಲ್ಲಿಸಿ, ಸವಾರರನ್ನ ಬಸ್ಸಲ್ಲಿ ಕೂರಿಸಿ ಘಾಟಿ ದಾಟಿಸಿ ಆಚೆಯಿಂದ ಮತ್ತೆ ಓಡಿಸಿದರು. ಅವತ್ತು ಬೇರೆ ಬೇರೆ ತಂಡದವರು ತಮ್ಮ ಪ್ರಾಯೋಜಕರ ಬಟ್ಟೆ ಬಿಟ್ಟು ಕ್ಯಾಸ್ಟೆಲ್ಲಿ ಕಂಪನಿಯ ಗಾಬಾ ಅನ್ನೋ ಜೆರ್ಸಿ ಹಾಕಿಕೊಂಡಿದ್ದರು. ಲೋಗೋ ಕಾಣದ ಹಾಗೆ ಮಾರ್ಕರ್‌ನಿಂದ ಕಪ್ಪು ಬಳಿದುಕೊಂಡಿದ್ದರು! ತಮಾಷೆ ಏನಂದ್ರೆ ಗಾಬಾ ಪೂರ್ತಿ ವಾಟರ್‌ಪ್ರೂಫ್ ಅಲ್ಲವೇ ಅಲ್ಲ. ಗಾಳಿಯನ್ನ ತಡೆಯುತ್ತೆ, ಮಳೆಯನ್ನ ಸ್ವಲ್ಪ ಹೊತ್ತು ಜಾರಿಸುತ್ತೆ, ಮೈಗಂಟಿ ಕೂರುತ್ತೆ, ಅಷ್ಟೇ. ಹಿಮದಲ್ಲಿ ಸೈಕಲ್ ತುಳಿದೇ ಹೊಟ್ಟೆ ಹೊರೆಯೋ ಜನ ಆರಿಸಿಕೊಂಡಿದ್ದು ಬೆಚ್ಚಗಿರೋ ಒದ್ದೆಯನ್ನ. ಒಣಗಿರ್ತೀವಿ ಅನ್ನೋ ಆಸೆಯನ್ನ ಅವರು ಮೊದಲೇ ಬಿಟ್ಟಿದ್ದರು.

ಇದೇ ಬುದ್ಧಿಯನ್ನ ಝಳಕಿ ರಸ್ತೆಯಲ್ಲಿ ದುಡ್ಡಿಲ್ಲದೆ ನೋಡಬಹುದು. ಬೆಳಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಮೋಟರ್‌ಸೈಕಲ್ ಮೇಲೆ ಬರೋರು ಜರ್ಕಿನ್ನನ್ನ ಹಿಂದುಮುಂದಾಗಿ ಹಾಕ್ಕೊಂಡಿರ್ತಾರೆ. ಜಿಪ್ ಬೆನ್ನಿಗೆ, ಗಟ್ಟಿ ಬೆನ್ನುಭಾಗ ಎದೆಗೆ. ನೋಡಿ ನಗೋರಿದ್ದಾರೆ. ಆದರೆ ಚಳಿ ಬರೋದು ಎದುರಿನಿಂದ. ಎದೆ ಮುಚ್ಚಿದ್ರೆ ಸಾಕು, ಬೆನ್ನು ತೆರೆದಿದ್ರೆ ಬೆವರು ಹಾರುತ್ತೆ. ಹಿಂದೆ ಟೂರ್ ಡಿ ಫ್ರಾನ್ಸ್ ಸವಾರರು ಘಾಟಿ ಇಳಿಯೋ ಮುಂಚೆ ಎದೆಗೆ ದಿನಪತ್ರಿಕೆ ತುರುಕಿಕೊಳ್ತಿದ್ದದ್ದೂ ಇದಕ್ಕೇ. 10 ಡಿಗ್ರಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದ ಗಾಳಿ ಬಡಿದ್ರೆ ಮೈಗೆ ಅದು 7 ಡಿಗ್ರಿ ಥರ ಅನ್ನಿಸುತ್ತೆ. ಝಳಕಿಯ ಶತ್ರು ಗಾಳಿ. ನೀರಿಗೆ ಮಾಡಿದ ಕೋಟೆಯನ್ನ ಗಾಳಿಗೆ ಕಟ್ಟಿದ್ರೆ ಒಳಗಿನವನೇ ಬೆಂದುಹೋಗ್ತಾನೆ.

ಕುರಿಗಾರನ ಕಂಬಳಿ ಕೊಪ್ಪಿಯನ್ನೂ ಇಲ್ಲಿ ನೆನೀಬೇಕು. ಹಾಗಂತ ಹಾಡಿ ಹೊಗಳಲ್ಲ. ಒದ್ದೆ ಕಂಬಳಿ ಎತ್ತಿ ನೋಡಿದವರಿಗೆ ಅದರ ಭಾರ ಗೊತ್ತು, ಅದನ್ನ ಹೊದ್ದು ಸೈಕಲ್ ಹೊಡೆಯೋಕಾಗಲ್ಲ. ಆದರೆ ಅದರ ಎರಡು ಗುಣ ಇವತ್ತಿಗೂ ಪಾಸು. ಒಂದು, ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡ್ರೂ ಮೈಗೆ ತಣ್ಣಗೆ ಅನ್ನಿಸಲ್ಲ. ಎರಡು, ಕೊಪ್ಪಿ ಮೇಲೆ ಮುಚ್ಚಿರುತ್ತೆ, ಕೆಳಗೆ ತೆರೆದಿರುತ್ತೆ, ಗಾಳಿ ಆಡ್ತಾ ಇರುತ್ತೆ. ಮೊದಲನೇ ಗುಣ ಇವತ್ತು ಮೆರಿನೊ ಬನಿಯನ್ನಿನಲ್ಲಿ ಸಿಗುತ್ತೆ. ಎರಡನೇದು ಸಿಗೋದು ಜಾಕೆಟ್ಟಿನ ಕಂಕುಳಲ್ಲೂ ಬೆನ್ನಲ್ಲೂ ಇರೋ ಕಿಂಡಿಗಳಲ್ಲಿ. ಚೀಟಿಯ ಸಂಖ್ಯೆಗಿಂತ ಆ ಕಿಂಡಿಗಳನ್ನ ಎಣಿಸೋದು ಮೇಲು.

ಹಾಗಾದ್ರೆ ಏನು ಕೊಳ್ಳಬೇಕು? ಯಾರು, ಎಲ್ಲಿ ತುಳೀತಾರೆ ಅನ್ನೋದರ ಮೇಲೆ ಹೋಗುತ್ತೆ.

ವಿಜಯಪುರ, ಇಂಡಿ, ಸಿಂದಗಿ ಕಡೆ ನಸುಕಿನ ಸವಾರಿಗೆ: ಎದೆಗೆ ಗಾಳಿ ತಡೆಯೋ, ಬೆನ್ನಿಗೆ ಜಾಳಿಗೆ ಇರೋ, ತೋಳಿಲ್ಲದ ವಿಂಡ್ ವೆಸ್ಟ್. ಒಳಗೆ ತೆಳು ಬೇಸ್ ಲೇಯರ್, ತೋಳಿಗೆ ಆರ್ಮ್ ವಾರ್ಮರ್, ಕೈಗೆ ಗ್ಲೌಸು, ಕಿವಿಗೆ ಪಟ್ಟಿ. ಎಂಟೂವರೆಗೆ ಬಿಸಿಲು ಏರಿದಾಗ ಎಲ್ಲ ಬಿಚ್ಚಿ ಬೆನ್ನಿನ ಜೇಬಿಗೆ ಹಾಕೋ ಹಾಗಿರಬೇಕು. ಮಡಚಿದ್ರೆ ಮುಷ್ಟಿಯೊಳಗೆ ಹಿಡಿಯದ ವೆಸ್ಟ್ ಬೇಡ.

ಬೆಂಗಳೂರಿನಲ್ಲಿ ಆಫೀಸಿಗೆ ತುಳಿಯೋರಿಗೆ: ಇಲ್ಲಿ ಚಳಿ-ಮಳೆ ಅಪರೂಪಕ್ಕೆ ಒಟ್ಟಿಗೆ ಬರೋದು ಚಂಡಮಾರುತದ ಕೃಪೆಯಿಂದ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಬಂದಾಗಿನ ಆ ಮುಸುಕು ದಿನಗಳು ನೆನಪಿದೆಯಲ್ಲ? ವರ್ಷಕ್ಕೆ ಅಂಥ ಕೆಲವೇ ದಿನಕ್ಕೆ ಸಾಧಾರಣ ಬೆಲೆಯ ತೆಳು ಮಳೆ ಜಾಕೆಟ್ಟು, ಜೊತೆಗೆ ಆಫೀಸಿನಲ್ಲೊಂದು ಒಣ ಅಂಗಿ, ಮುಂದಿನ ಚಕ್ರಕ್ಕೊಂದು ಹಿಂದಿನದಕ್ಕೊಂದು ಮಡ್‌ಗಾರ್ಡು. ರಸ್ತೆಯಿಂದ ಹಾರೋ ಕೆಸರುನೀರಿನ ಎದುರು ಮಡ್‌ಗಾರ್ಡಿನಷ್ಟು ಕೆಲಸ ಯಾವ ಜಾಕೆಟ್ಟೂ ಮಾಡಲ್ಲ.

ಬ್ರೆವೆ ಹೊಡೆಯೋರಿಗೆ: 300 ಕಿ.ಮೀ.ಗೆ 20 ಗಂಟೆ, 600ಕ್ಕೆ 40 ಗಂಟೆ. ರಾತ್ರಿ ತಪ್ಪಲ್ಲ. ಬೆಳಗಿನ ಜಾವ ಮೂರರಿಂದ ಆರು, ಮೈ ಸುಸ್ತಾಗಿ ಬಿಸಿ ಹುಟ್ಟಿಸೋದು ಕಮ್ಮಿಯಾದಾಗ ಚಳಿ ನಿಜವಾಗಿ ಕಚ್ಚುತ್ತೆ. ಪೊರೆಯ ಜಾಕೆಟ್ಟಿಗೆ ಸ್ವಲ್ಪ ಅರ್ಥ ಇರೋದು ಇವರಿಗೆ, ಅದೂ ಘಾಟಿ ಇಳಿಯುವಾಗ, ಚಹಾಕ್ಕೆ ನಿಂತಾಗ. ಹತ್ತೋ ಮುಂಚೆ ಬಿಚ್ಚಿ, ಇಳಿಯೋ ಮುಂಚೆ ಹಾಕಿ. ಬೆವರಿದ ಮೇಲೆ ಬಿಚ್ಚೋದು, ನಡುಗಿದ ಮೇಲೆ ಹಾಕೋದು, ಎರಡೂ ತಡವೇ.

ಲಂಡನ್, ಎಡಿನ್‌ಬರೋ, ಸಿಯಾಟಲ್‌ನಲ್ಲಿರೋ ನಮ್ಮವರು ಚೀಟಿ ನೋಡಿಯೇ ಕೊಳ್ಳಿ. 5 ಡಿಗ್ರಿಯಲ್ಲಿ ಮೂರು ಗಂಟೆ ಮಳೆ ಅಂದ್ರೆ ಪೊರೆ ಬೇಕೇ ಬೇಕು. ಆದರೆ ಅದನ್ನ ಸಾಕೋದನ್ನೂ ಕಲೀಬೇಕು. ನೀರು ಮುತ್ತಾಗಿ ಉರುಳೋದು ಪೊರೆಯಿಂದ ಅಲ್ಲ, ಹೊರಬಟ್ಟೆಗೆ ಬಳಿದ ಲೇಪದಿಂದ. ಧೂಳು, ಬೆವರಿನ ಜಿಡ್ಡು, ಫ್ಯಾಬ್ರಿಕ್ ಕಂಡಿಷನರ್ ಮೂರೂ ಅದಕ್ಕೆ ವಿಷ. ಲೇಪ ಸತ್ತರೆ ಹೊರಬಟ್ಟೆ ನೀರು ಕುಡಿದು ಹೆಪ್ಪುಗಟ್ಟಿದ ಹಾಗಾಗುತ್ತೆ, ಆವಿಗೆ ದಾರಿ ಮುಚ್ಚುತ್ತೆ. ಕಂಡಿಷನರ್ ಮುಟ್ಟಿಸದೆ ಒಗೆದು, ಕಂಪನಿ ಹೇಳಿದಷ್ಟು ಬಿಸಿ ಕೊಟ್ಟು ಒಣಗಿಸಿದ್ರೆ ಲೇಪ ಎಷ್ಟೋ ಮಟ್ಟಿಗೆ ಮತ್ತೆ ಎದ್ದು ಕೂರುತ್ತೆ.

ಅಂಗಡಿಯಲ್ಲಿ ಹಾಕಿ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಲ್ಲಬೇಡಿ. ಸೈಕಲ್ ಹ್ಯಾಂಡಲ್ ಹಿಡಿದ ಹಾಗೆ ಬಗ್ಗಿ, ಕೈ ಮುಂದೆ ಚಾಚಿ. ಮಣಿಕಟ್ಟು ಹೊರಗೆ ಬಂತಾ? ಸೊಂಟದ ಹಿಂದೆ ಬಟ್ಟೆ ಮೇಲೇರಿತಾ? ಎದೆಯ ಹತ್ತಿರ ಬಟ್ಟೆ ಗುಡ್ಡೆಯಾಯ್ತಾ? ಹಾಗಾದ್ರೆ ಅದು ನಿಂತುಕೊಳ್ಳೋರ ಜಾಕೆಟ್. ಗ್ಲೌಸ್ ಹಾಕಿದ ಕೈಯಲ್ಲಿ ಜಿಪ್ ಎಳೆದು ನೋಡಿ. ಅಂಗಡಿಯ ಎಸಿಯಲ್ಲಿ ಬೆಚ್ಚಗೆ ಹಿತ ಅನ್ನಿಸಿದ್ರೆ ಅದು ಜಾಸ್ತಿ ದಪ್ಪ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಆಗಲೇಬೇಕು.

ಕೊನೆಗೆ ಬಣ್ಣ. ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಬೇಕಿದ್ದರೆ ಮೇಲೆ ಹೇಳಿದ್ದೆಲ್ಲ ಮರೆತುಬಿಡಿ. ಬ್ರ್ಯಾಂಡುಗಳಿಗೆ ಕಪ್ಪಿನ ಹುಚ್ಚು. ಝಳಕಿ ದಾರಿಯಲ್ಲಿ ಚಳಿಗಾಲ ಅಂದ್ರೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರ್‌ಗಳು, ಎಷ್ಟೋ ಟ್ರೇಲರ್‌ಗಳಿಗೆ ಹಿಂದಿನ ದೀಪವೇ ಇಲ್ಲ. ಅವನ್ನ ತಪ್ಪಿಸ್ತಾ ಓಡೋ ಲಾರಿಗಳು. ಭೀಮಾ ದಂಡೆ ಹತ್ತಿರ ಒಮ್ಮೊಮ್ಮೆ ಮಂಜು. ಆ ಕತ್ತಲಲ್ಲಿ ಕಪ್ಪು ಜಾಕೆಟ್ಟಿನ ಸವಾರ ಇದ್ದೂ ಇಲ್ಲದ ಹಾಗೆ. "ನಂದು ಫ್ಲೋರೊಸೆಂಟ್ ಹಳದಿ" ಅಂತ ಸಮಾಧಾನ ಪಟ್ಕೋಬೇಡಿ. ಆ ಹಳದಿ ಹೊಳೆಯೋದು ಹಗಲಿನ ಬೆಳಕಿನಲ್ಲಿ. ರಾತ್ರಿ ಹೆಡ್‌ಲೈಟಿಗೆ ತಿರುಗಿ ಮಿಂಚೋದು ರಿಫ್ಲೆಕ್ಟಿವ್ ಪಟ್ಟಿ ಮಾತ್ರ. ಬೆನ್ನಿಗಿಂತ ಅದು ಕಾಲಿನ ಮಣಿಕಟ್ಟಿಗೆ ಇನ್ನೂ ಒಳ್ಳೇದು. ಮೇಲೆ ಕೆಳಗೆ ಆಡೋ ಎರಡು ಮಿಂಚು ಕಂಡ್ರೆ ಡ್ರೈವರ್‌ಗೆ ತಕ್ಷಣ ಗೊತ್ತಾಗುತ್ತೆ, ಇದು ಮೈಲಿಗಲ್ಲು ಅಲ್ಲ, ಮನುಷ್ಯ ಅಂತ.

ಐದಂಕಿಯ ಒಂದು ಜಾಕೆಟ್ಟಿನ ದುಡ್ಡಲ್ಲಿ ವಿಂಡ್ ವೆಸ್ಟು, ಗ್ಲೌಸು, ಕಾಲಿಗೆ ಪಟ್ಟಿ, ಹಿಂದೆ ಒಳ್ಳೆ ಕೆಂಪು ದೀಪ ಎಲ್ಲ ಬಂದು ಇನ್ನೂ ಮಿಗುತ್ತೆ. ಮಿಕ್ಕಿದ್ದರಲ್ಲಿ ಇನ್ನೊಂದು ವೆಸ್ಟ್ ಕೊಂಡು, ನಿಮ್ಮೂರಿನಲ್ಲಿ ನಸುಕಿಗೆದ್ದು ಹಳೇ ಸ್ವೆಟರಿನಲ್ಲಿ ತುಳಿಯೋ ಹುಡುಗನಿಗೋ ಹುಡುಗಿಗೋ ಕೊಡಿ. ರಿಫ್ಲೆಕ್ಟಿವ್ ಪಟ್ಟಿ ಇರೋದನ್ನೇ ನೋಡಿ ಕೊಳ್ಳಿ.