ರಾಹು ಹೋದ, ಹೆಸರು ಉಳಿಯಿತು

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ನಮ್ಮ ಜಿಡಗಾದಾಗೂ ಪಟಾಕಿ ಹಾರಿದವು. ನಾನೂ ಹಿಗ್ಗಿದೆ. ಓಣಿಯ ಮುದುಕಿಯೊಬ್ಬಳು ಕೇಳಿದಳು: 'ಅಲ್ಲಿ ರಾಹು ಸಿಕ್ಕನೇನಪಾ?'

ಇದು ನಗೆಯ ಮಾತಲ್ಲ. ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಮಹಾರಾಷ್ಟ್ರ. ಅಲ್ಲಿ ಗ್ರಹಣ ಹಿಡಿದಾಗ ನಮ್ಮವರೇ ಆದ ಮಾಂಗರು, ಮಹಾರರು ದಾನಕ್ಕಾಗಿ ಕೂಗುತ್ತ ತಿರುಗುವ ರೂಢಿ ಇತ್ತು. ಅವರಿಗೆ ಕೊಟ್ಟರೆ ಚಂದ್ರನಿಗೆ ಬಿಡುಗಡೆ ಎಂಬ ನಂಬಿಕೆ. ಆಕಾಶದ ಮೈಲಿಗೆಯನ್ನೂ ನಮ್ಮ ಕೊರಳಿಗೇ ಕಟ್ಟಿದ್ದರು. ಗ್ರಹಣವೆಂದರೆ ಭೂಮಿಯ ನೆರಳು ಅಂತ ಹೇಳಿ ಆ ಗಂಟು ಬಿಚ್ಚಿದ್ದು ವಿಜ್ಞಾನ. ಅದಕ್ಕೇ 'ಬಡವರಿಗೆ ಚಂದ್ರ ಯಾಕ?' ಅನ್ನುವ ಗೆಳೆಯರ ಮಾತನ್ನು ನಾನು ಒಪ್ಪಲಾರೆ. ಈ ಗೆಲುವು ನಮ್ಮದೂ ಹೌದು.

ಆದರೆ ಮೂರೇ ದಿನಕ್ಕೆ, ಆಗಸ್ಟ್ 26ರಂದು, ಪ್ರಧಾನಿ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ನಿಂತು ಆ ಜಾಗಕ್ಕೆ 'ಶಿವಶಕ್ತಿ' ಎಂದು ಹೆಸರಿಟ್ಟರು. 2024ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವೂ ಅದನ್ನು ಒಪ್ಪಿತು. ರಾಹುವನ್ನು ಓಡಿಸಿದ ಕೈಯಿಂದಲೇ ಪುರಾಣಕ್ಕೆ ಪಟ್ಟಾ ಬರೆಸಿಕೊಟ್ಟಂಗಾಯ್ತು.

ಕೇರಿಗೆ ಹೆಸರಿಟ್ಟವರು ಯಾರು ಎಂದು ಕೇಳಿದ ದಲಿತ ವಿಮರ್ಶೆ ಚಂದ್ರನ ಮೇಲಿನ ಹೆಸರನ್ನೂ ಪ್ರಶ್ನಿಸಬೇಕು. ಹಿಗ್ಗೋಣ, ಖರೇ, ಹಿಗ್ಗಿನಾಗ ಕಣ್ಣು ಮುಚ್ಚೂದು ಬ್ಯಾಡ.